ಫೈಲು ಕೂತಿತ್ತು, ಮಗು ನಡೆಯಿತು

ಕಳೆದ ಭಾನುವಾರ ಹಲಸೂರಿನಲ್ಲಿ ಒಂದು ನಾಮಕರಣ. ನನ್ನ ಗಂಡನ ಕಡೆಯ ನೆಂಟರು. ತೊಟ್ಟಿಲ ಶಾಸ್ತ್ರ ಮುಗಿದ ಮೇಲೆ ಹೆಂಗಸರು ಮಗುವನ್ನು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಳ್ಳುತ್ತಿದ್ದರು. ನನ್ನ ಸರದಿ ಬಂತೆಂದು ನಾನೂ ಕೈ ಚಾಚಿದೆ. ಮಗುವಿನ ಅಜ್ಜಿ ಅದನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ನಿನ್ ಕೈಗ್ ಕೊಡಾಕಿಲ್ಲಮ್ಮ. ನೀನು ಫಾರಿನ್ನಿಗೆ ಕಳಿಸ್ಬಿಡ್ತೀಯ."

ಎಲ್ಲರೂ ನಕ್ಕರು. ನಾನೂ ನಕ್ಕೆ. (ನಗದಿದ್ದರೆ ಮುಖ ಗಂಟು ಹಾಕಿಕೊಂಡಳು ಎಂದು ಇನ್ನೊಂದು ಆರೋಪ ಬೀಳುತ್ತಿತ್ತು.) ಒಬ್ಬಟ್ಟು ತಿಂದೆ, ತಾಂಬೂಲ ತೆಗೆದುಕೊಂಡೆ, ಆಟೋ ಹತ್ತಿದೆ. ಆಟೋ ಕೆರೆ ದಾಟುವಷ್ಟರಲ್ಲಿ ಮೈಯೆಲ್ಲ ಉರಿಯತೊಡಗಿತ್ತು.

ಹೌದು, ಕಳಿಸಿದೆ. ಮತ್ತೆ ಅಂಥ ಸಂದರ್ಭ ಬಂದರೆ ಮತ್ತೆ ಕಳಿಸುತ್ತೇನೆ. ಯಾಕೆ ಎಂದು ಆ ನಾಮಕರಣದಲ್ಲಿ ಯಾರೂ ಕೇಳಲಿಲ್ಲ. ಹಾಗಾಗಿ ನಿಮಗೆ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ಸುಮತಿ ಗೊತ್ತು. ಅವಳು ನನ್ನ ಕನ್ನಡಕ ಮುರಿದಿದ್ದನ್ನು, ಮಗಳು ಅನಿತಳ ಹೋಂವರ್ಕ್ ಪುಸ್ತಕದ ಮೇಲೆ ರಾಗಿ ಸರಿ ಚೆಲ್ಲಿದ್ದನ್ನು ಇಲ್ಲೇ ಬರೆದಿದ್ದೆ. ನಿಮ್ಮಲ್ಲಿ ಹಲವರು ‘ನಿಮ್ಮ ಚಿಕ್ಕ ಮಗಳಿಗೆ ನಮ್ಮ ಆಶೀರ್ವಾದ’ ಎಂದು ಕಾರ್ಡು ಹಾಕಿದಿರಿ. ಅವಳು ನನ್ನ ಮಗಳಲ್ಲ ಎಂದು ನಾನು ಬರೆಯಲಿಲ್ಲ. ಆಗ ಬರೆಯುವಂತಿರಲಿಲ್ಲ, ಅವಳ ವಿಷಯ ಕೋರ್ಟಿನ ಮುಂದಿತ್ತು. ಈಗ ಎಲ್ಲ ಮುಗಿದಿದೆ. (ಹೆಸರು ಮಾತ್ರ ಅವತ್ತೂ ಬದಲಿಸಿದ್ದೆ, ಇವತ್ತೂ ಬದಲಿಸಿದ್ದೇನೆ.)

ಲಿಂಗರಾಜಪುರದಲ್ಲಿ ನಮ್ಮ ಬೀದಿಯ ಕೊನೆಯ ಮನೆ ಫಿಲೋಮಿನಾ ಅವರದು. ಬೆನ್ಸನ್ ಟೌನಿನ ಒಂದು ದತ್ತು ಸಂಸ್ಥೆಯಲ್ಲಿ ಅವರಿಗೆ ಕೆಲಸ. ಒಂದು ಸಂಜೆ ಬಂದು, ಒಂದು ಮಗುವನ್ನು ಸ್ವಲ್ಪ ದಿನ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. ದತ್ತು ಹೋಗುವವರೆಗೆ ಕೂಸುಗಳು ಸಾಲು ತೊಟ್ಟಿಲಲ್ಲಿ ಬೆಳೆಯುವುದಕ್ಕಿಂತ ಯಾರದಾದರೂ ಮನೆಯಲ್ಲಿ ಬೆಳೆದರೆ ಒಳ್ಳೆಯದು ಎಂದು ಆ ಸಂಸ್ಥೆ ಹಾಗೆ ಮನೆಗಳನ್ನು ಹುಡುಕುತ್ತಿತ್ತು. ಹೆತ್ತವಳು ಮಗು ಬೇಡವೆಂದು ಆಸ್ಪತ್ರೆಯಲ್ಲೇ ಬರೆದುಕೊಟ್ಟು ಹೋಗಿದ್ದಳಂತೆ. ಹೆಣ್ಣು. ಎಡಗಾಲಿನ ಪಾದ ಒಳಕ್ಕೆ ತಿರುಚಿಕೊಂಡಿದೆ, ಪ್ಲಾಸ್ಟರ್ ಹಾಕಿ ಸರಿಮಾಡುತ್ತಿದ್ದಾರೆ.

ನಾನು ನನ್ನ ಅತ್ತೆಯ ಮುಖ ನೋಡಿದೆ. ನಮ್ಮತ್ತೆ ಮುನಿಯಮ್ಮ ಈ ಭಾಗ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲಿ ಸೊಪ್ಪು ಬೆಳೆದವರು. ಯಾವ ಜಾತಿ, ಯಾರ ಮಗು ಎಂದು ಕೇಳುತ್ತಾರೆ ಎಂದುಕೊಂಡಿದ್ದೆ.

"ಎಷ್ಟ್ ದಿನ ಇರ್ತದೆ?" ಎಂದು ಕೇಳಿದರು.

ಮೂರು ತಿಂಗಳು ಅಂದರು ಫಿಲೋಮಿನಾ. ಪಾಪ, ಅವರು ಸುಳ್ಳು ಹೇಳಲಿಲ್ಲ. ಅವರಿಗೂ ಹಾಗೆಂದೇ ಹೇಳಿದ್ದರು.

ಸುಮತಿ ಬಂದಳು. ತೊಡೆಯವರೆಗೆ ಬಿಳಿ ಪ್ಲಾಸ್ಟರ್, ಅದರ ತುದಿಯಲ್ಲಿ ಐದು ಪುಟ್ಟ ಬೆರಳು. ವಾರಕ್ಕೊಮ್ಮೆ ಇಂದಿರಾನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಹಳೆಯದನ್ನು ಒಡೆದು ಪಾದವನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿ ಹೊಸದು ಹಾಕುತ್ತಾರೆ. ಒಡೆಯುವಾಗ ಅವಳು ಅಳುತ್ತಿದ್ದ ರೀತಿಗೆ ಕಾಯುತ್ತಾ ಕೂತ ಬೇರೆ ಮಕ್ಕಳೂ ಅಳುತ್ತಿದ್ದವು. ವಾಪಸು ಬರುವಾಗ ಆಟೋದಲ್ಲಿ ನನ್ನ ಸೆರಗು ಹಿಡಿದೇ ನಿದ್ದೆ ಮಾಡುತ್ತಿದ್ದಳು.

ಇಲ್ಲಿಂದ ಕಾಗದದ ಕಥೆ.

ಮಗು ಹೊರದೇಶಕ್ಕೆ ಹೋಗಬೇಕಾದರೆ ಮೊದಲು ನಮ್ಮ ದೇಶದವರು ಬೇಡ ಅನ್ನಬೇಕು. ಅದು ನಿಯಮ. ನಿಯಮ ಒಳ್ಳೆಯದೇ. ಇಲ್ಲೇ ಅಪ್ಪ ಅಮ್ಮ ಸಿಕ್ಕರೆ ಮಗು ಅಷ್ಟು ದೂರ ಯಾಕೆ ಹೋಗಬೇಕು? ಆದರೆ ಆ ನಿಯಮ ನಡೆಯುವುದನ್ನು ಕಣ್ಣಾರೆ ನೋಡಬೇಕು. ದಂಪತಿಗಳು ಬರುತ್ತಾರೆ. ಬೆನ್ಸನ್ ಟೌನಿನ ಕಚೇರಿಯಲ್ಲಿ ಸೋಫಾ ಮೇಲೆ ಕೂರುತ್ತಾರೆ. ನಾನು ಮಗುವಿಗೆ ಸ್ನಾನ ಮಾಡಿಸಿ, ಫ್ರಾಕ್ ಹಾಕಿ, ದೃಷ್ಟಿಬೊಟ್ಟು ಇಟ್ಟು ತಂದು ತೋರಿಸಬೇಕು. ಹೆಣ್ಣು ತೋರಿಸುವ ಶಾಸ್ತ್ರಕ್ಕೆ ಇಷ್ಟು ಚಿಕ್ಕ ವಯಸ್ಸಿಗೇ ಕೂತ ಹುಡುಗಿ ಇವಳೊಬ್ಬಳೇ ಇರಬೇಕು.

ಮೊದಲು ಬಂದವರು ಕಾಲು ನೋಡಿದರು. ಮುಗಿಯಿತು.

ಎರಡನೆಯವರು ವಿದ್ಯಾವಂತರು. ಕಾಲಿನ ವಿಷಯ ಡಾಕ್ಟರ ಹತ್ತಿರ ಮಾತಾಡಿಕೊಂಡೇ ಬಂದಿದ್ದರು, ಅದೇನೂ ಪರವಾಗಿಲ್ಲ ಅಂದರು. ನನಗೆ ಆಸೆ ಹುಟ್ಟಿತು. ಮನೆಗೆ ಹೋದ ಮೇಲೆ ಫೋನ್ ಮಾಡಿ, ಸ್ವಲ್ಪ ಕಲರ್ ಇರುವ ಮಗು ಇದ್ದರೆ ತಿಳಿಸಿ ಅಂದರಂತೆ. (ಕಲರ್ ಇತ್ತಲ್ಲ. ಕಪ್ಪು ಕಲರ್ ಅಲ್ಲವೇ?)

ಮೂರನೆಯವರು ಕೆ.ಆರ್. ಪುರದ ಕಡೆಯವರು. ಹೊಲವಿದ್ದ ಮನೆ, ಈಗ ಅದೇ ಜಾಗದಲ್ಲಿ ಸಾಲಾಗಿ ಬಾಡಿಗೆ ರೂಮು. ಗಂಡ ಹೆಂಡತಿ ಜೊತೆ ಗಂಡನ ತಂದೆಯೂ ಬಂದಿದ್ದರು. ಹೆಂಡತಿಯ ಹೆಸರು ಮಂಜುಳ. ಅವಳು ಸುಮತಿಯನ್ನು ಎತ್ತಿಕೊಂಡವಳು ಮಾತುಕತೆ ಮುಗಿಯುವವರೆಗೂ ಕೆಳಗಿಳಿಸಲಿಲ್ಲ. ಪ್ಲಾಸ್ಟರಿನ ಮೇಲೆ ಮೆಲ್ಲಗೆ ಕೈಯಾಡಿಸುತ್ತಿದ್ದಳು. ಮಾವ ಹುಟ್ಟಿದ ಗಳಿಗೆ ಕೇಳಿದರು, ಹೆತ್ತವಳ ಕುಲ ಕೇಳಿದರು. ಎರಡಕ್ಕೂ ಉತ್ತರವಿರಲಿಲ್ಲ. ಎದ್ದು ನಿಂತರು. ಮಂಜುಳ ಮಗುವನ್ನು ವಾಪಸು ಕೊಡುವಾಗ ನನ್ನ ಮುಖ ನೋಡಲಿಲ್ಲ.

ಹೀಗೆ ಬೇಡ ಅಂದ ಕಾಗದಗಳನ್ನೆಲ್ಲ ಸೇರಿಸಿ ಪಿನ್ ಹೊಡೆದ ಮೇಲೆ, ಈ ಮಗು ಹೊರದೇಶಕ್ಕೆ ಹೋಗಬಹುದು ಎಂಬ ಪತ್ರ ಬಂತು. ಆಗ ಡೆನ್ಮಾರ್ಕಿನಿಂದ ಕರೀನ್ ಮತ್ತು ಯೆನ್ಸ್ ಎಂಬ ದಂಪತಿ ಹೂಂ ಅಂದರು. ಫೋಟೋ, ಕಾಲಿನ ಎಕ್ಸ್‌ರೇ, ಡಾಕ್ಟರ ವರದಿ ಎಲ್ಲ ನೋಡಿದ ಮೇಲೆಯೇ ಅಂದಿದ್ದು. ಅವನು ಶಾಲೆಯ ಮೇಷ್ಟ್ರು, ಅವಳು ಬಸ್ ಡ್ರೈವರ್. ನಮ್ಮತ್ತೆಗೆ ಫೋಟೋ ತೋರಿಸಿ ಹೇಳಿದೆ. ಬಸ್ ಓಡಿಸುತ್ತಾಳೆ ಅಂದರೆ ಗಟ್ಟಿಗಿತ್ತಿಯೇ ಇರಬೇಕು ಎಂದು ಅಲ್ಲೇ ತೀರ್ಪು ಕೊಟ್ಟರು.

ಅವರ ಗಟ್ಟಿತನ ಪರೀಕ್ಷೆ ಮಾಡಲು ನಮ್ಮ ಕಚೇರಿಗಳಿದ್ದವು.

ಸಂಬಳದ ಪತ್ರ, ಮದುವೆಯ ಪತ್ರ, ಮನೆಯ ಫೋಟೋ, ಮಾನಸಿಕ ಆರೋಗ್ಯದ ಪತ್ರ, ಪೊಲೀಸರಿಂದ ಒಳ್ಳೆಯ ನಡತೆಯ ಪತ್ರ. ಪ್ರತಿಯೊಂದಕ್ಕೂ ನೋಟರಿ, ಪ್ರತಿಯೊಂದಕ್ಕೂ ರಾಯಭಾರ ಕಚೇರಿಯ ಮೊಹರು. ಎಲ್ಲ ದೆಹಲಿಗೆ ಹೋಯಿತು. ಅಲ್ಲಿ ಕೂತಿತು. ಅದು ಕೂತಿರುವಾಗಲೇ ಪೊಲೀಸ್ ಪತ್ರದ ಅವಧಿ ಮುಗಿಯಿತು. ಹೊಸದು ತರಿಸಿದರು. ಅಷ್ಟರಲ್ಲಿ ಆರೋಗ್ಯದ ಪತ್ರ ಹಳತಾಯಿತು. ಒಳ್ಳೆಯವರಾಗಿದ್ದ ದಂಪತಿ ಆರು ತಿಂಗಳಲ್ಲಿ ಕೆಟ್ಟುಹೋಗುತ್ತಾರೆಯೇ?

ಇತ್ತ ಸುಮತಿಯ ಪ್ಲಾಸ್ಟರ್ ಹೋಗಿ ಬೂಟು ಬಂತು. ಹಲ್ಲು ಬಂತು. ಕರೀನ್ ಅಲ್ಲಿಂದ ಸ್ವೆಟರ್ ಹೆಣೆದು ಕಳಿಸುತ್ತಿದ್ದಳು, ಅದು ಇಲ್ಲಿಗೆ ತಲುಪುವಷ್ಟರಲ್ಲಿ ಇವಳಿಗೆ ಚಿಕ್ಕದಾಗಿರುತ್ತಿತ್ತು. ಮಾತು ಬಂತು. ಅನಿತಳನ್ನು ನೋಡಿ ನನ್ನನ್ನು ಅಮ್ಮ ಎಂದೇ ಕರೆಯತೊಡಗಿದಳು. ಆಂಟಿ ಎಂದು ಹೇಳಿಕೊಡಿ ಎಂದು ಸಂಸ್ಥೆಯವರು ಹೇಳಿದ್ದರು. ಹೇಳಿಕೊಟ್ಟೆ. ಅವಳು ಕಲಿಯಲಿಲ್ಲ. ನಾನೂ ಬಹಳ ಒತ್ತಾಯ ಮಾಡಲಿಲ್ಲ.

ಒಂದು ದಿನ ಮಂಜುಳ ಬಂದಳು. ಒಬ್ಬಳೇ, ಕೆ.ಆರ್. ಪುರದಿಂದ ಬಸ್ ಬದಲಿಸಿ, ಮನೆ ಹುಡುಕಿಕೊಂಡು. ಮನೆಯಲ್ಲಿ ಹೇಳಿ ಬಂದಿಲ್ಲ ಅಂದಳು. ಸುಮತಿ ಗೋಡೆ ಹಿಡಿದು ಹೆಜ್ಜೆ ಹಾಕುತ್ತಿದ್ದಳು. ಮಂಜುಳ ಬಾಗಿಲಲ್ಲೇ ಕೂತು ನೋಡಿದಳು. ಕಾಫಿ ಕುಡಿಯಲಿಲ್ಲ. ಹೋಗುವಾಗ ಒಂದು ಜೊತೆ ಕಾಲ್ಗೆಜ್ಜೆ ಕೊಟ್ಟು, ಬೂಟು ಬಿಚ್ಚಿದಾಗ ಹಾಕಿ ಅಂದಳು. ಬೇಡ ಅಂದವರ ಪಟ್ಟಿಯಲ್ಲಿ ಇವಳ ಸಹಿಯೂ ಇದೆ. ಆದರೆ ಬೇಡ ಅಂದಿದ್ದು ಇವಳೇ?

ಆಮೇಲೆ ದೊಡ್ಡ ಪೆಟ್ಟು ಬಿತ್ತು. ಎಲ್ಲೋ ಯಾರೋ ಮಕ್ಕಳನ್ನು ದುಡ್ಡಿಗೆ ಕೊಂಡು ಹೊರದೇಶಕ್ಕೆ ಕಳಿಸಿದರೆಂದು ಪತ್ರಿಕೆಗಳಲ್ಲಿ ಬಂತು. ನಾನೂ ಓದಿದೆ. ಅದು ನಡೆಯುತ್ತದೆ, ನಡೆದಿದೆ, ಅದಕ್ಕೇ ತಪಾಸಣೆ ಬೇಕು. ಆದರೆ ಆಗಿದ್ದೇನು? ಎಲ್ಲರ ಫೈಲೂ ನಿಂತಿತು. ನಮ್ಮದಕ್ಕೆ ಹೊಸದಾಗಿ ಒಂದು ಸ್ಥಳ ಪರಿಶೀಲನೆ ಆಗಬೇಕು ಅಂದರು. ಅಧಿಕಾರಿಯೊಬ್ಬರು ಮನೆಗೆ ಬಂದರು. ಒಳ್ಳೆಯ ಮನುಷ್ಯರೇ. ಮಗು ಆಡುವುದನ್ನು ನೋಡಿದರು, ಕಾಫಿ ಕುಡಿದರು, ನಮ್ಮ ದೇಶದ ಮಗು ಹೀಗೆ ಹೊರಗೆ ಹೋಗುವುದು ಬೇಸರದ ವಿಷಯ ಅಂದರು.

ರಾಗಿ ಕೇರುತ್ತಿದ್ದ ನಮ್ಮತ್ತೆ ಮೊರ ಕೆಳಗಿಟ್ಟರು. "ಬೇಜಾರಿದ್ರೆ ನೀವೇ ಕರ್ಕೊಂಡೋಗಿ ಸ್ವಾಮಿ. ಬಟ್ಟೆಬರೆ ಕಟ್ಕೊಡ್ತೀನಿ."

ಅಧಿಕಾರಿ ವಾರದೊಳಗೆ ವರದಿ ಬರೆಯುತ್ತೇನೆ ಎಂದು ಹೇಳಿ ಹೋದರು. ವಾರ ಕಳೆಯಿತು. ತಿಂಗಳುಗಳು ಕಳೆದವು. ವಿಚಾರಿಸಿದರೆ ಅವರಿಗೆ ವರ್ಗವಾಗಿತ್ತು. ವರದಿ ಬರೆದಿರಲಿಲ್ಲ. ಫೈಲು ಅವರ ಟೇಬಲಿನಲ್ಲೇ ಇತ್ತು, ಟೇಬಲಿಗೆ ಹೊಸಬರು ಬಂದಿರಲಿಲ್ಲ.

ಸುಮತಿ ಅಷ್ಟರಲ್ಲಿ ಗೋಡೆ ಬಿಟ್ಟು ನಡೆಯುತ್ತಿದ್ದಳು.

ಫಿಲೋಮಿನಾ ಪತ್ರದ ಮೇಲೆ ಪತ್ರ ಬರೆದರು. ನೆನಪೋಲೆಗೆ ಇನ್ನೊಂದು ನೆನಪೋಲೆ. ನಾನು ಒಂದು ಬೆಳಿಗ್ಗೆ ಅನಿತಳನ್ನು ಶಾಲೆಗೆ ಕಳಿಸಿ, ಅತ್ತೆಯನ್ನೂ ಸುಮತಿಯನ್ನೂ ಕರೆದುಕೊಂಡು ಆ ಅಧಿಕಾರಿಯಿದ್ದ ಕಚೇರಿಗೆ ಹೋದೆ. ಆ ಖಾಲಿ ಟೇಬಲಿನ ಪಕ್ಕದ ಬೆಂಚಿನ ಮೇಲೆ ಕೂತೆವು. ಬುತ್ತಿ ಕಟ್ಟಿಕೊಂಡಿದ್ದೆವು. ಸುಮತಿ ತನ್ನ ದಪ್ಪ ಬೂಟಿನಲ್ಲಿ ಕಬ್ಬಿಣದ ಬೀರುವನ್ನು ಒದೆಯುತ್ತಾ, ಆ ಶಬ್ದಕ್ಕೆ ತಾನೇ ನಗುತ್ತಾ ಓಡಾಡಿದಳು. ಮಾರನೆಯ ದಿನವೂ ಹೋದೆವು. ಅದರ ಮಾರನೆಯ ದಿನವೂ.

ಕೊನೆಗೆ ಆ ವಿಭಾಗದ ಗುಮಾಸ್ತರು ಎದ್ದು ಬಂದರು. "ಮೇಡಂ, ದಿನಾ ಮಗೂನ ಯಾಕ್ ಕರ್ಕೊಂಡ್ ಬರ್ತೀರ? ಇದು ಆಫೀಸು."

"ನಿಮ್ಮ ಫೈಲಲ್ಲಿರೋ ಮಗು ಇವಳೇ ಸರ್. ಫೈಲ್ ಕಾಣ್ಸೋ ತನಕ ಇವಳನ್ನೇ ಇಟ್ಕೊಂಡಿರಿ" ಎಂದೆ.

ನಾನು ಜೋರಾಗಿ ಮಾತಾಡುವವಳಲ್ಲ. ಆದರೆ ಅವತ್ತು ಆ ಹಾಲಿನ ಆ ತುದಿಯವರೆಗೆ ಕೇಳಿಸಿತು. ಟೈಪ್‌ರೈಟರುಗಳು ನಿಂತವು. ಗುಮಾಸ್ತರು ಬೀಗದ ಕೈ ತಂದು ಡ್ರಾಯರ್ ತೆಗೆದರು. ಫೈಲು ಸಿಕ್ಕಿತು. ಮೇಲಿನ ಪುಟದಲ್ಲಿ ಅಂಗೈಯಗಲದ ಕೂಸಿನ ಫೋಟೋ, ಕಾಲಿಗೆ ಪ್ಲಾಸ್ಟರ್. ಅವರು ಫೋಟೋ ನೋಡಿದರು, ಅವರ ಪ್ಯಾಂಟು ಹಿಡಿದು ನಿಂತಿದ್ದವಳನ್ನು ನೋಡಿದರು. ಇಷ್ಟು ದೊಡ್ಡವಳಾಗಿಬಿಟ್ಟಳಾ ಎಂದು ತಮಗೆ ತಾವೇ ಹೇಳಿಕೊಂಡರು. ಆ ವಾರ ಇನ್ನೊಬ್ಬ ಅಧಿಕಾರಿಯ ಕೈಯಲ್ಲಿ ವರದಿ ಬರೆಸಿದವರು ಅವರೇ. ಕೆಟ್ಟ ಮನುಷ್ಯರಲ್ಲ. ಕಾಗದವನ್ನು ಮಗು ಎಂದು ನೋಡಲು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಪರೀಕ್ಷೆ ಮಾಡಿ. ಹತ್ತು ಸಲ ಮಾಡಿ. ಅವರ ಮನೆ, ಮನಸ್ಸು, ನಮ್ಮ ಮನೆ, ಸಂಸ್ಥೆಯ ಲೆಕ್ಕ ಎಲ್ಲ ಜಾಲಾಡಿ. ಆದರೆ ಡ್ರಾಯರಿನಲ್ಲಿಟ್ಟು ಬೀಗ ಹಾಕುವುದು ಯಾವ ಪರೀಕ್ಷೆ?

ದೆಹಲಿಯ ಒಪ್ಪಿಗೆ ಬಂತು. ಕೋರ್ಟಿನ ತಾರೀಕು ಬಂತು. ಕರೀನ್ ಮತ್ತು ಯೆನ್ಸ್ ಬಂದರು. ತಾರೀಕು ಮುಂದಕ್ಕೆ ಹೋಯಿತು. ಯೆನ್ಸ್‌ಗೆ ರಜೆ ಮುಗಿದು ಅವನು ಹೋದ. ಕರೀನ್ ಹೋಗಲಿಲ್ಲ. ಕೆಲಸ ಹೋದರೆ ಹೋಗಲಿ, ನಾನು ಈ ಊರು ಬಿಡುವುದಿಲ್ಲ ಎಂದು ಬೆನ್ಸನ್ ಟೌನಿನ ಒಂದು ಗೆಸ್ಟ್ ಹೌಸಿನಲ್ಲಿ ಕೂತಳು. ದಿನಾ ಆಟೋದಲ್ಲಿ ಲಿಂಗರಾಜಪುರಕ್ಕೆ ಬರುವಳು. ಬಿಸಿಲಿಗೆ ಮುಖ ಟೊಮೇಟೊ ಆಗಿರುತ್ತಿತ್ತು.

ನಿಜ ಹೇಳಬೇಕೆಂದರೆ ಅವಳು ಬರುವ ಹೊತ್ತಿಗೆ ನನಗೆ ಅಡಿಗೆಮನೆಯಲ್ಲಿ ಏನಾದರೂ ಕೆಲಸ ಬಂದುಬಿಡುತ್ತಿತ್ತು. ಸುಮತಿ ಅವಳ ತೊಡೆಯ ಮೇಲೆ ಕೂರುವುದನ್ನು ನೋಡಬೇಕು ಎಂದು ಎರಡು ವರ್ಷ ಕಾದವಳು ನಾನೇ. ಈಗ ನೋಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸುಮತಿ ನಿದ್ದೆಯಿಂದೆದ್ದು ಅಮ್ಮ ಎಂದು ಕೂಗುತ್ತಾ ನೇರವಾಗಿ ನನ್ನ ಹತ್ತಿರ ಓಡಿ ಬಂದಳು. ಕರೀನ್ ಅಲ್ಲೇ ಕೂತಿದ್ದಳು. ಆ ಪದದ ಅರ್ಥ ಅವಳಿಗೆ ಗೊತ್ತಿತ್ತು. ಅವಳು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: ನೀವು ಅಮ್ಮ, ಅವರು ಅಜ್ಜಿ, ಹಾಗಾದರೆ ನನಗೇನು ಉಳಿದಿದೆ?

ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಯೋಚನೆಯನ್ನೂ ಮಾಡಲಿಲ್ಲ.

"ಇವಳು ಅಮ್ಮ. ನೀನು ತಾಯಿ. ಹೇಳು, ತಾಯಿ."

ಕರೀನ್ ‘ಥಾಯಿ’ ಅಂದಳು. ಅತ್ತೆ ತಿದ್ದಿದರು. ಮತ್ತೆ ಅಂದಳು. ಸುಮತಿಗೆ ಅದೊಂದು ಆಟವಾಯಿತು, ಮನೆ ತುಂಬ ತಾಯಿ ತಾಯಿ ಎಂದು ಕುಂಟುತ್ತಾ ಕುಣಿದಳು. ಅವತ್ತಿನಿಂದ ಕರೀನ್ ಬಂದಾಗ ನಾನು ಹೊರಗೇ ಕೂತೆ. ಸಾರು ಮಾಡುವುದು ಹೇಗೆ, ಅನ್ನ ಎಷ್ಟು ಮೆತ್ತಗಿರಬೇಕು, ಬೂಟು ಬಿಚ್ಚಿದ ಮೇಲೆ ಪಾದವನ್ನು ಯಾವ ಕಡೆಗೆ ತಿಕ್ಕಬೇಕು ಎಲ್ಲ ಹೇಳಿಕೊಟ್ಟೆ.

ಕೋರ್ಟಿನಲ್ಲಿ ನ್ಯಾಯಾಧೀಶರು ನಮ್ಮನ್ನು ಚೇಂಬರಿಗೆ ಕರೆದರು. ಕಾಗದಗಳನ್ನೆಲ್ಲ ನೋಡಿದ ಮೇಲೆ ಕನ್ನಡಕ ತೆಗೆದು, ನೀವು ಇಷ್ಟು ದಿನ ಸಾಕಿದ್ದೀರಿ, ಮಗು ನಿಮಗೆ ಅಂಟಿಕೊಂಡಿದೆ, ನೀವೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳಿದರು.

ಎಲ್ಲರೂ ಕೇಳುವ ಪ್ರಶ್ನೆ. ನಿಮ್ಮಲ್ಲೂ ಅನೇಕರು ಇಷ್ಟು ಹೊತ್ತಿಗೆ ಕೇಳಿಕೊಂಡಿರುತ್ತೀರಿ.

"ಕೇಳ್ದೆ ಸ್ವಾಮಿ. ನನ್ನ ಗಂಡಾನೂ ಒಪ್ಪಿದ್ರು" ಎಂದೆ. "ನನಗೆ ಈಗಾಗ್ಲೇ ಒಬ್ಬಳು ಮಗಳಿದಾಳೆ, ಅದಕ್ಕೇ ಇನ್ನೊಬ್ಬಳನ್ನ ದತ್ತು ತಗೊಳೋ ಹಾಗಿಲ್ಲ ಅಂದ್ರು."

ಹೌದು. ಅದೇ ನಮ್ಮ ಕಾನೂನು. ಸುಮತಿಗೆ ಹಲ್ಲು ಬರುವ ಹೊತ್ತಿಗೇ ನಾನು ಫಿಲೋಮಿನಾರನ್ನು ಕೇಳಿದ್ದೆ, ಅವರು ವಕೀಲರನ್ನು ಕೇಳಿದ್ದರು. ಹಿಂದೂ ದತ್ತಕ ಕಾಯ್ದೆಯ ಪ್ರಕಾರ ಹೆಣ್ಣುಮಗು ಇರುವವರು ಇನ್ನೊಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಬೇಕಾದರೆ ಪಾಲಕರಾಗಬಹುದು. ಮಗು ದೊಡ್ಡದಾಗುವವರೆಗೆ ಪಾಲಕರು. ಆಮೇಲೆ ಅವಳಿಗೆ ನಾವು ಯಾರೂ ಅಲ್ಲ, ನಮಗೆ ಅವಳು ಯಾರೂ ಅಲ್ಲ.

ನ್ಯಾಯಾಧೀಶರು ಪಾಲಕತ್ವದ ಮಾತನ್ನೇ ಎತ್ತಿದರು. ನಾನು ಅವರ ಮಾತು ಮುಗಿಯುವವರೆಗೆ ಕಾದೆ.

"ಪಾಲನೆ ಮಾಡಿದ್ದೀನಿ ಸ್ವಾಮಿ. ಅವಳಿಗೆ ಬೇಕಾಗಿರೋದು ಮಗಳು ಅನ್ನೋ ಹೆಸರು. ಅದು ಇವರ ಊರಿನ ಕಾನೂನು ಕೊಡತ್ತೆ. ನಮ್ಮದು ಕೊಡಲ್ಲ."

ಅವರಿಗೆ ಸಿಟ್ಟು ಬಂತೇನೋ ಎಂದುಕೊಂಡೆ. ಬಂದಿರಲಿಲ್ಲ. ಕಾನೂನು ಹಾಗಿದೆ ನಿಜ ಎಂದು ಹೇಳಿ ಕನ್ನಡಕ ಹಾಕಿಕೊಂಡರು. ಮುಂದಿನ ತಾರೀಕಿಗೆ ಆದೇಶವಾಯಿತು. ಇಲ್ಲಿನ ಆದೇಶದಲ್ಲಿ ಕರೀನ್ ಮತ್ತು ಯೆನ್ಸ್ ಬರೀ ಪಾಲಕರೇ. ಅಲ್ಲಿಗೆ ಹೋದ ಮೇಲೆ ಅವರ ದೇಶದ ಕಾನೂನಿನಲ್ಲಿ ಅಪ್ಪ ಅಮ್ಮ.

ಪಾಸ್‌ಪೋರ್ಟು, ವೀಸಾ ಮುಗಿಸಿಕೊಂಡು ಹೋದ ತಿಂಗಳು ಹೊರಟರು. ಯೆನ್ಸ್ ಮತ್ತೆ ಬಂದಿದ್ದ. ಸಂಜೆಯ ಬಾಂಬೆ ಫ್ಲೈಟು. ಅತ್ತೆ ಏರ್‌ಪೋರ್ಟಿಗೆ ಬರಲಿಲ್ಲ. ಮನೆಬಾಗಿಲಲ್ಲೇ ದೃಷ್ಟಿ ತೆಗೆದು, ಉಪ್ಪು ಮೆಣಸಿನಕಾಯಿ ಒಲೆಗೆ ಹಾಕಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಅನಿತ ಅಳುತ್ತಾ ತನ್ನ ಜ್ಯಾಮಿಟ್ರಿ ಬಾಕ್ಸ್ ಕೊಟ್ಟಳು. ಸುಮತಿಗೆ ಎರಡೂವರೆ ವರ್ಷ, ಬಾಕ್ಸಿನಲ್ಲಿ ಏನೇನು ಗಲಗಲ ಅನ್ನುತ್ತದೆ ಎಂಬುದಷ್ಟೇ ಅವಳ ಚಿಂತೆ. ಏರ್‌ಪೋರ್ಟಿನ ಗೇಟಿನ ಹತ್ತಿರ ಕರೀನ್ ಎತ್ತಿಕೊಂಡಾಗ ಸುಮತಿ ನನ್ನ ಕಡೆ ಕೈ ಚಾಚಿದಳು. ನಾನು ಆ ಕೈಗೆ ಮುತ್ತು ಕೊಟ್ಟು ತಿರುಗಿ ನಡೆದೆ. ಅಮ್ಮ ಎಂದು ಕೂಗಿದ್ದು ಕೇಳಿಸಿತು. ತಿರುಗಲಿಲ್ಲ. ತಿರುಗಿದ್ದರೆ ಆ ಆದೇಶವನ್ನು ಅಲ್ಲೇ ಹರಿದು ಹಾಕುತ್ತಿದ್ದೆನೇನೋ.

ಮೊದಲ ವಾರ ಅಲ್ಲಿ ಸರಿಯಾಗಿ ಊಟ ಮಾಡಲಿಲ್ಲವಂತೆ. ಕರೀನ್ ಫೋನ್ ಮಾಡಿದ್ದಳು. ಅವಳಿಗೂ ಅಳು, ನನಗೂ ಅಳು, ಮಧ್ಯೆ ಐಎಸ್‌ಡಿ ಲೈನಿನ ಗೊರಗೊರ. ಹುಣಿಸೆಹಣ್ಣು ಸಿಗದೆ ನಿಂಬೆಹಣ್ಣು ಹಿಂಡಿ ಸಾರು ಮಾಡಿದ ದಿನ ಎರಡು ಸಲ ಹಾಕಿಸಿಕೊಂಡಳಂತೆ. ಕಾಲು ನೋಡಿದ ಅಲ್ಲಿನ ಡಾಕ್ಟರು ಆಪರೇಷನ್ ಬೇಡ, ಇಂದಿರಾನಗರದವರು ಒಳ್ಳೆಯ ಕೆಲಸ ಮಾಡಿದ್ದಾರೆ ಅಂದರಂತೆ. ಅವಳೀಗ ಮಗಳು. ಯಾರೂ ಅವಳನ್ನು ಸೋಫಾದ ಮುಂದೆ ತಂದು ತೋರಿಸಬೇಕಾಗಿಲ್ಲ.

ಮೊನ್ನೆ ಫಿಲೋಮಿನಾ ಮತ್ತೆ ಬಂದಿದ್ದರು. ಇನ್ನೊಂದು ಮಗುವಿದೆ, ಇಟ್ಟುಕೊಳ್ಳುತ್ತೀರಾ ಎಂದು ಕೇಳಲು ಅವರಿಗೇ ಸಂಕೋಚ. ಈ ಸಲ ಗಂಡು, ಆರೋಗ್ಯವಾಗಿದ್ದಾನೆ, ಬೆಳ್ಳಗಿದ್ದಾನೆ, ಬಹಳ ದಿನ ಕಾಯಬೇಕಾಗಿಲ್ಲ ಅಂದರು. ನೋಡಲು ಬರುವವರ ಹೆಸರುಗಳು ಈಗಾಗಲೇ ಸಾಲುಗಟ್ಟಿವೆಯಂತೆ. ಅಷ್ಟೇ ಅಲ್ಲ, ಬೇಕಿದ್ದರೆ ನಾವೇ ದತ್ತು ತೆಗೆದುಕೊಳ್ಳಬಹುದಂತೆ. ನಮಗೆ ಗಂಡುಮಕ್ಕಳಿಲ್ಲವಲ್ಲ, ಕಾನೂನಿನ ಅಡ್ಡಿಯಿಲ್ಲ.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು.

ಅವನು ಸಾಲಿನಲ್ಲಿರುವವರಿಗೆ ಹೋಗಲಿ, ಯಾರೂ ನೋಡಲು ಬರದ ಹೆಣ್ಣುಮಗು ಇದ್ದರೆ ತನ್ನಿ ಅಂದೆ.